ಚಾರ್ಲಿಗೆ ಅತ್ತೆವು, ಪಗ್ ಕಂಡು ನಕ್ಕೆವು

'777 ಚಾರ್ಲಿ' 2022ರ ಜೂನ್‌ನಲ್ಲಿ ಬಂದಾಗ, ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೇ ಅದನ್ನು ನೋಡಿ ಕಣ್ಣೀರು ಹಾಕಿದ್ದರು. ರಾಣೆಬೆನ್ನೂರಿನಲ್ಲಿ ನೋಡಿದ ನಾನೂ ಅತ್ತವನೇ. ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಟನೆ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಕಥೆ ಮಾಡಿಕೊಂಡ ಒಂದು ಅನುಕೂಲದ ಬಗ್ಗೆ.

ಚಾರ್ಲಿಗೆ ಕ್ಯಾನ್ಸರ್ ಬರುತ್ತೆ. ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸಿದ್ದರ ಫಲ ಅದು ಅನ್ನುತ್ತೆ ಚಿತ್ರ. ಜನಪ್ರಿಯ ಕನ್ನಡ ಸಿನಿಮಾ ಈ ಮಾತು ಎತ್ತಿದ್ದೇ ದೊಡ್ಡದು, ಒಪ್ಪೋಣ. ಆದರೆ ತಪ್ಪೆಲ್ಲ ಹೋಗಿ ಕೂರೋದು ಆ ನಿರ್ದಯಿ ಬ್ರೀಡರ್ ತಲೆ ಮೇಲೆ. ಅಂಥವನಿಗೆ ದುಡ್ಡು ಕೊಟ್ಟು ಮರಿ ತರುವ ನಾವು ಮೂಗು ಒರೆಸಿಕೊಂಡು ಆರಾಮಾಗಿ ಹೊರಗೆ ಬರುತ್ತೇವೆ. ಕೊನೆಗೆ ಚಾರ್ಲಿಯ ಮರಿಯನ್ನು ತೋರಿಸಿ ಸಮಾಧಾನ ಮಾಡುತ್ತಾರೆ. ಆ ಮರಿಗೆ ರಕ್ತದಲ್ಲಿ ಏನು ಬಂದಿರಬಹುದು ಅಂತ ಯಾರೂ ಕೇಳಲ್ಲ.

ಲ್ಯಾಬ್ರಡಾರ್ ಬದಲು ಪಗ್ ಇದ್ದಿದ್ದರೆ ಈ ಕಥೆ ನಡೀತಿರಲಿಲ್ಲ. 2003ರ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುತ್ತಿದ್ದ ನಾಯಿ ನೆನಪಿದೆಯಲ್ಲ? ಅದರ ಕಾಯಿಲೆ ಯಾರೋ ಖಳನಾಯಕ ಕದ್ದು ಮಾಡಿದ್ದಲ್ಲ. ನಾವು 'ಎಷ್ಟ್ ಕ್ಯೂಟ್ ಐತಿ' ಅನ್ನೋ ಆ ಚಪ್ಪಟೆ ಮುಖವೇ ಕಾಯಿಲೆ. ತಲೆಮಾರುಗಟ್ಟಲೆ ಆರಿಸಿ ಆರಿಸಿ ತಲೆಬುರುಡೆಯನ್ನು ಗಿಡ್ಡ ಮಾಡಿದರು, ಒಳಗಿನ ಮಾಂಸ ಅಷ್ಟು ಗಿಡ್ಡ ಆಗಲಿಲ್ಲ. ಹಾಗಾಗಿ ಮೆತ್ತನೆಯ ಅಂಗುಳು ಉಸಿರಿನ ದಾರಿಗೆ ಅಡ್ಡ ಬೀಳುತ್ತೆ. ಮೂಗಿನ ಹೊಳ್ಳೆ ಬರೀ ಗೆರೆಯಷ್ಟು. ಕಣ್ಣು ಹೊರಚಾಚಿ ಬೇಗ ಹುಣ್ಣಾಗುತ್ತೆ. ಬೆನ್ನುಮೂಳೆಯ ಮಣಿಗಳು ವಕ್ರವಾಗಿ ಹುಟ್ಟೋದೂ ಉಂಟು.

ನಾಯಿ ಮೈ ತಂಪು ಮಾಡಿಕೊಳ್ಳೋದು ಮುಖ್ಯವಾಗಿ ತೇಕಿ. ತೇಕೋಕೇ ದಾರಿ ಇಲ್ಲದ ನಾಯಿಯನ್ನು ತಂದು ಹಾವೇರಿಯ ಏಪ್ರಿಲ್ ಬಿಸಿಲಲ್ಲಿ ಇಟ್ಟಿದ್ದೇವೆ. ಬ್ಯಾಡಗಿಯಲ್ಲಂತೂ ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರ್ಕೆಟ್ ದಾಟುವಾಗ ಆರಡಿ ಆಳೇ ಕೆಮ್ಮುತ್ತಾನೆ. ಅಲ್ಲಿ ನಮ್ಮ ಕಾಕಾನ ಮನೆಯ ಪಗ್ ಗೊರಕೆ ಹೊಡೆದರೆ ಎಲ್ಲರೂ ಮೊಬೈಲ್ ಹಿಡೀತಾರೆ. 'ಅಜ್ಜನ ಹಂಗ ಹೊಡೀತೈತಿ ನೋಡ್ರಿ!' ಅದು ಉಸಿರಿಗೆ ಒದ್ದಾಡೋ ಸದ್ದು.

ಬ್ರೀಡರ್ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮ ಇದೆ. ನೆದರ್ಲೆಂಡ್ಸ್‌ನವರು ಇನ್ನೂ ಮುಂದೆ ಹೋಗಿ ಮೂತಿಯ ಉದ್ದವನ್ನೇ ಅಳೀತಾರೆ. ತೀರ ಗಿಡ್ಡ ಇದ್ದರೆ ಆ ನಾಯಿಯಿಂದ ಮರಿ ಹಾಕಿಸುವಂತಿಲ್ಲ.

ಮೊನ್ನೆ ಕಾಕಾ ಫೋನ್ ಮಾಡಿ, 'ನಮ್ದಕ್ಕ ಬೆಂಗಳೂರಾಗ ಒಂದು ಜೋಡಿ ನೋಡಪಾ, ಮಾರಿ ಇನ್ನಷ್ಟು ಚಪ್ಪಟೆ ಇರಬೇಕು' ಅಂದರು. ಬ್ಯಾಡ್ರಿ ಕಾಕಾ ಅಂದೆ. ಮಾತು ಇನ್ನೂ ಮುಗಿದಿಲ್ಲ.