ಕೂಗಬೇಡಿ, ಕೈ ಎತ್ತಿ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ನಾಯಿ ಎಂದರೆ ಮೊದಲು ಎಣಿಕೆಗೆ ಬರುವುದು ಅದರ ಬೊಗಳು. ಕಣದ ರಾಶಿ ಕಾಯಲು, ಕುರಿಹಟ್ಟಿಯ ಸುತ್ತ ರಾತ್ರಿ ಎಚ್ಚರವಿರಲು ಕುನ್ನಿ ಸಾಕುವ ಊರುಗಳಿವು. ಹಾಗಾಗಿ ‘ಕುರೋ ಕುರೋ’ ಎಂದು ಕರೆದರೂ ತಲೆ ಎತ್ತದ ಮರಿಗೆ ಇಲ್ಲಿ ತೀರ್ಪು ಬೇಗ ಸಿಗುತ್ತದೆ. ಮೊದಲು ಮೊಂಡು ಅನ್ನುತ್ತಾರೆ, ಆಮೇಲೆ ದಡ್ಡ ಅನ್ನುತ್ತಾರೆ, ಕಿವಿ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ಯಾತಕ್ಕೂ ಬಾರದ್ದು ಎಂದು ಕೈಬಿಡುತ್ತಾರೆ. ಈ ಮೂರೂ ತೀರ್ಪುಗಳನ್ನು ನಾನು ಒಪ್ಪುವುದಿಲ್ಲ. ಕಿವುಡು ಮರಿ ಕಲಿಯದೆ ಹೋದರೆ ಸಾಮಾನ್ಯವಾಗಿ ಕೊರತೆ ಇರುವುದು ಕಲಿಸುವವರ ರೂಢಿಯಲ್ಲಿ. ಬಾಯಿಮಾತಿನಿಂದ ನಾಯಿ ಪಳಗಿಸುವುದು ನಮ್ಮ ಅನುಕೂಲಕ್ಕೆ ಬೆಳೆದುಬಂದದ್ದು. ನಾಯಿಗೆ ಅದು ಅನಿವಾರ್ಯವಲ್ಲ.

ಇದಕ್ಕೆ ಆಧಾರಗಳಿವೆ. ಇಟಲಿಯಲ್ಲಿ ನೀರಿನ ರಕ್ಷಣಾ ಕೆಲಸಕ್ಕೆ ಪಳಗಿಸಿದ ನಾಯಿಗಳಿಗೆ ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಆಜ್ಞೆ ಕೊಟ್ಟು ನೋಡಿದರು. ಮಾತೂ ಸನ್ನೆಯೂ ಎರಡೂ ಗೊತ್ತಿದ್ದ ಆ ನಾಯಿಗಳು ಹೆಚ್ಚಾಗಿ ನಡೆದುಕೊಂಡದ್ದು ಸನ್ನೆಯಂತೆ. 2016ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆ ನಾಯಿಗಳಿಗಾದರೋ ತಾಲೀಮು ಆಗಿತ್ತು ಎನ್ನಬಹುದು. ಕೋಲ್ಕತ್ತದ ಐಐಎಸ್‌ಇಆರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಯಾವ ತಾಲೀಮೂ ಇಲ್ಲದ ನಮ್ಮ ಬೀದಿನಾಯಿಗಳನ್ನೇ ಆಯ್ದುಕೊಂಡಿತು. ಎರಡು ಬಟ್ಟಲು ಇಟ್ಟು ಅಪರಿಚಿತರೊಬ್ಬರು ಒಂದರತ್ತ ಬೆರಳು ತೋರಿಸಿದಾಗ, ಅಂಜದೆ ಹತ್ತಿರ ಬಂದ ನಾಯಿಗಳಲ್ಲಿ ನೂರಕ್ಕೆ ಸುಮಾರು 80 ಬೆರಳು ತೋರಿದ ಕಡೆಗೇ ಹೋದವು. ಈ ಅಧ್ಯಯನ ಹೊರಬಂದದ್ದು 2020ರಲ್ಲಿ. ಮನುಷ್ಯನ ಕೈ ನೋಡಿ ಅರ್ಥ ಮಾಡಿಕೊಳ್ಳುವುದು ನಾಯಿಜಾತಿಗೆ ಅಷ್ಟು ಸಹಜವಾಗಿರುವಾಗ ಕಿವುಡು ಮರಿಗೆ ಕಲಿಸಲು ಹೊಸ ವಿದ್ಯೆಯನ್ನೇನೂ ಕಟ್ಟಬೇಕಾಗಿಲ್ಲ. ಮಲಪ್ರಭೆ ದಾಟಿ ಉತ್ತರಕ್ಕೆ ಹೋದರೆ ಘಟಪ್ರಭೆಯ ದಂಡೆಯ ಮುಧೋಳ ಸಿಗುತ್ತದೆ. ಅಲ್ಲಿನ ಬೇಟೆನಾಯಿಯ ಹೆಸರು ನಿಂತಿರುವುದೇ ಕಣ್ಣಿನ ಮೇಲೆ: ದೂರದಲ್ಲಿ ಅಲುಗಿದ ಮೊಲವನ್ನು ನೋಡಿಯೇ ಬೆನ್ನಟ್ಟುವ ತಳಿ ಅದು. ಅಂಥ ನಾಯಿಯನ್ನು ಮೆಚ್ಚುವ ನೆಲದಲ್ಲಿ ಕಿವಿ ಇಲ್ಲದ ಮರಿಯನ್ನು ಎಸೆಯುವುದು ವಿಚಿತ್ರ.

ಆದರೆ ಮರಿ ನಿಜಕ್ಕೂ ಕಿವುಡೇ, ಯಾಕೆ ಕಿವುಡು ಎಂಬುದು ಮೊದಲು ತೀರ್ಮಾನವಾಗಬೇಕು. ಕೆಲವೊಮ್ಮೆ ಕಾರಣ ತಳಿಯಲ್ಲೇ ಇರುತ್ತದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಚೀಟಿ ತಂದಾಗ ಮುಧೋಳದ ಜೊತೆ ತಮಿಳುನಾಡಿನ ರಾಜಪಾಳಯಂ ನಾಯಿಯೂ ಇತ್ತು. ಅಪ್ಪಟ ಬಿಳಿ ಮೈ, ಗುಲಾಬಿ ಮೂಗಿನ ಆ ಚೆಲುವ ತಳಿಯಲ್ಲಿ ಹುಟ್ಟುಕಿವುಡು ಬಹುಕಾಲದಿಂದ ಕಂಡುಬಂದಿದೆ. ಮೈಯ ಬಣ್ಣಕ್ಕೂ ಕಿವಿಗೂ ನಂಟಿದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೇ ಒಳಗಿವಿಯಲ್ಲಿಯೂ ಇದ್ದು ಅಲ್ಲಿನ ಸೂಕ್ಷ್ಮ ರೋಮಕೋಶಗಳನ್ನು ಬದುಕಿಸುತ್ತವೆ. ಅವು ಇಲ್ಲದಿದ್ದರೆ ಹುಟ್ಟಿದ ಮೂರು ನಾಲ್ಕು ವಾರಗಳಲ್ಲಿ ರೋಮಕೋಶಗಳು ನಶಿಸುತ್ತವೆ, ಮತ್ತೆ ಬೆಳೆಯುವುದಿಲ್ಲ. ಬಿಳಿ ಮೈ, ನೀಲಿ ಕಣ್ಣಿನ ಬೆಕ್ಕುಗಳು ಕಿವುಡಾಗಿರುವುದನ್ನು ಡಾರ್ವಿನ್ ಕೂಡ ಬರೆದಿದ್ದ. ಹಾಗೆಂದು ಬಿಳಿ ಮರಿಯೆಲ್ಲ ಕಿವುಡಲ್ಲ. ಅಮೆರಿಕದ ಡಾಲ್ಮೇಷಿಯನ್ ನಾಯಿಗಳನ್ನು ಪರೀಕ್ಷಿಸಿದಾಗಲೂ ಎರಡೂ ಕಿವಿ ಹೋದವು ನೂರಕ್ಕೆ ಸುಮಾರು 8, ಒಂದೇ ಕಿವಿ ಹೋದವು 22. ಒಂದು ಕಿವಿ ಕೇಳುವ ಮರಿಯ ನಡವಳಿಕೆಯಲ್ಲಿ ಏನೂ ಗೊತ್ತಾಗದು. ಅದಕ್ಕೆ ಮಿದುಳಿನ ವಿದ್ಯುತ್ ಸ್ಪಂದನ ಅಳೆಯುವ ಯಂತ್ರವೇ ಬೇಕು. ಎರಡೂ ಕಿವಿಯ ಕಿವುಡನ್ನಾದರೆ ಮನೆಯಲ್ಲೇ ಸುಮಾರಾಗಿ ಊಹಿಸಬಹುದು. ಐದು ವಾರ ತುಂಬಿದ ಮರಿಯನ್ನು ಒಡಹುಟ್ಟಿದವುಗಳಿಂದ ಬೇರೆ ಮಾಡಿ, ಅದು ಮಲಗಿದ್ದಾಗ, ಕಣ್ಣಿಗೆ ಬೀಳದ ಹಾಗೆ, ಗಾಳಿಯೂ ನೆಲದ ಅದುರೂ ತಾಕದ ಹಾಗೆ ಕೀಲಿಗೊಂಚಲು ಅಲ್ಲಾಡಿಸಿ ನೋಡಬೇಕು. ಬೆನ್ನ ಹಿಂದೆ ಕಾಲು ಅಪ್ಪಳಿಸಿ ಪರೀಕ್ಷೆ ಮಾಡುವವರು ಮೋಸ ಹೋಗುತ್ತಾರೆ. ಕಿವಿಯ ಸೋಂಕು, ತುಂಬಿದ ಗುಗ್ಗೆ, ಜೆಂಟಮೈಸಿನ್‌ನಂಥ ಔಷಧಿಯ ಅಡ್ಡಪರಿಣಾಮದಿಂದಲೂ ಶ್ರವಣ ಹೋಗಬಹುದು. ಸೋಂಕು, ಗುಗ್ಗೆಗಳಿಗೆ ಚಿಕಿತ್ಸೆ ಉಂಟು. ಆದ್ದರಿಂದ ಪಶುವೈದ್ಯರು ಕಿವಿಯೊಳಗೆ ನೋಡದ ಹೊರತು ಹುಟ್ಟುಕಿವುಡು ಎಂದು ನಿರ್ಧರಿಸಬಾರದು.

ಇನ್ನು ಪಾಠ. ಕೇಳುವ ಮರಿಯನ್ನು ಹೆಸರು ಹಿಡಿದು ಕರೆದರೆ ಸಾಕು, ತಿರುಗುತ್ತದೆ. ಇಲ್ಲಿ ಅದಾಗದು, ಹಾಗಾಗಿ ತಾನಾಗಿ ಯಜಮಾನನತ್ತ ತಿರುಗಿ ನೋಡುವ ಚಟವನ್ನೇ ಮರಿಗೆ ಹಿಡಿಸಬೇಕು. ಅದು ನೋಡಿದಾಗಲೆಲ್ಲ ಹೆಬ್ಬೆರಳು ಎತ್ತಿ ತೋರಿಸಿ, ಕೂಡಲೇ ಒಂದು ಚೂರು ರೊಟ್ಟಿಯನ್ನೋ ಬೆಂದ ಮಾಂಸವನ್ನೋ ಕೊಡಿ. ಕೆಲವೇ ದಿನಗಳಲ್ಲಿ ಎತ್ತಿದ ಹೆಬ್ಬೆರಳು ‘ಭೇಷ್’ ಎಂಬ ಮಾತಿನ ಬೆಲೆ ಪಡೆಯುತ್ತದೆ. ಈ ಪಾಠ ಗಟ್ಟಿಯಾದ ಮೇಲೆಯೇ ಕೂರು, ನಿಲ್ಲು, ಬಾ, ಬೇಡ ಎಂಬ ಸನ್ನೆಗಳು. ಯಾವ ಸನ್ನೆಯಾದರೂ ಆದೀತು, ಆದರೆ ಮನೆಯವರೆಲ್ಲರ ಕೈಯಲ್ಲೂ ಅದು ಒಂದೇ ಇರಬೇಕು. ಅಪ್ಪ ಅಂಗೈ ತೋರಿಸಿ, ಮಗ ಬೆರಳು ಆಡಿಸಿ ಒಂದೇ ಮಾತು ಹೇಳಹೊರಟರೆ ಯಾವ ಮರಿಯೂ ಕಲಿಯದು. ದೂರದಿಂದ ಕರೆಯುವಾಗ ತೋಳನ್ನು ಅಗಲವಾಗಿ ಬೀಸಬೇಕು. ಪೊಲೀಸ್ ನಾಯಿಗಳ ಮೇಲೆ ನಡೆದ ಹಳೆಯ ಪರೀಕ್ಷೆಯೊಂದರಲ್ಲಿ ಅತಿ ಚುರುಕು ಕಣ್ಣಿನವು ಚಲಿಸುವ ವಸ್ತುವನ್ನು 800 ಮೀಟರಿಗೂ ಆಚೆಯಿಂದ ಗುರುತಿಸಿದವು; ಅದೇ ವಸ್ತು ನಿಶ್ಚಲವಾಗಿದ್ದಾಗ 600 ಮೀಟರಿನೊಳಗೆ ಬರಬೇಕಾಯಿತು. ರೋಣ, ನರಗುಂದದ ಮಟ್ಟಸ ಎರೆಹೊಲ, ಹಿಂಗಾರಿ ಕೊಯ್ಲಾಗಿ ಬಯಲಾದ ಮೇಲೆ, ಈ ಪಾಠಕ್ಕೆ ಹೇಳಿ ಮಾಡಿಸಿದ್ದು. ಗಜೇಂದ್ರಗಡದ ಗುಡ್ಡದ ಓರೆಯಲ್ಲಿ ಹಾಗಲ್ಲ, ಒಂದು ಬಂಡೆ ಅಡ್ಡ ಬಂದರೆ ಮಾತುಕತೆ ಕಡಿಯಿತು. ಅಲ್ಲಿ ಹಗ್ಗ ಗಿಡ್ಡ ಇರಲಿ. ಕೈಯಲ್ಲಿ ಬಟ್ಟೆ ಹಿಡಿದು ಬೀಸುವವರು ಕೆಂಪು ಪಟಗದ ಆಸೆ ಬಿಡಬೇಕು, ಯಾಕೆಂದರೆ ನಾಯಿಯ ಕಣ್ಣಿಗೆ ಕೆಂಪು ಮಾಸಲು ಕಂದಾಗಿ ಕಾಣುತ್ತದೆ. ಕರಿಮಣ್ಣಿನ ಮೇಲೆ ಹಳದಿ ಎದ್ದು ಕಾಣುತ್ತದೆ. (ಕುಸುಬಿ, ಸೂರ್ಯಪಾನ ಹೂಬಿಟ್ಟ ದಿನಗಳಲ್ಲಿ ಮಾತ್ರ ನೀಲಿಯೇ ವಾಸಿ.) ಕತ್ತಲಲ್ಲಿ ಬ್ಯಾಟರಿ ದೀಪ ಎರಡು ಸಲ ಮಿನುಗಿಸುವುದನ್ನು ‘ಬಾ’ ಎಂದು ಕಲಿಸಬಹುದು. ಅದುರುವ ಕೊರಳಪಟ್ಟಿಗಳೂ ಸಿಗುತ್ತವೆ, ಸಿಗದಿದ್ದರೂ ನಷ್ಟವಿಲ್ಲ. ಕರೆಂಟ್ ಹೊಡೆಯುವ ಪಟ್ಟಿಯನ್ನಂತೂ ಮುಟ್ಟಬೇಡಿ.

ಬೆಚ್ಚಿಬಿದ್ದು ಕಚ್ಚುತ್ತದೆ ಎಂಬ ಆಕ್ಷೇಪ ಹಳೆಯದು. ಡಾಲ್ಮೇಷಿಯನ್ ಸಾಕುವವರ ಅಮೆರಿಕದ ಸಂಘ ಒಂದು ಕಾಲಕ್ಕೆ ಪೂರ್ಣ ಕಿವುಡು ಮರಿಗಳಿಗೆ ದಯಾಮರಣವನ್ನೇ ಸೂಚಿಸುತ್ತಿತ್ತು. 2014ರಲ್ಲಿ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದವರು ಮಾಲೀಕರಿಂದ ಮಾಹಿತಿ ಕೂಡಿಸಿ ಹೋಲಿಸಿದಾಗ, ಕಿವಿಯೋ ಕಣ್ಣೋ ಇಲ್ಲದ ನಾಯಿಗಳಲ್ಲಿ ಆಕ್ರಮಣಶೀಲತೆ ಉಳಿದವಕ್ಕಿಂತ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ಅಂಥ ನಾಯಿಯನ್ನು ಇಟ್ಟುಕೊಂಡ ಮಾಲೀಕರು ಮಮತೆಯಿಂದ ಉತ್ತರಿಸಿರಬಹುದು ಎಂಬ ಸಂಶಯ ನ್ಯಾಯವೇ. ಆದರೂ ಕಚ್ಚುವುದು ಕಿವುಡಿನ ಜಾಯಮಾನ ಎಂಬ ಮಾತಿಗೆ ಅದರಲ್ಲಿ ಆಧಾರ ಸಿಗಲಿಲ್ಲ. ಬೆಚ್ಚುವುದು ಮಾತ್ರ ನಿಜ, ಅದಕ್ಕೆ ಮದ್ದೂ ಇದೆ. ಮಲಗಿದ ಮರಿಯ ಮೂಗಿನ ಬಳಿ ಅಂಗೈ ಹಿಡಿದು ವಾಸನೆ ತಾಕಿಸಿ, ಭುಜವನ್ನು ಮೆಲ್ಲನೆ ಮುಟ್ಟಿ, ಎದ್ದ ತಕ್ಷಣ ತಿನಿಸು ಕೊಡುತ್ತ ಬಂದರೆ ಎಚ್ಚರಾಗುವುದೇ ಅದಕ್ಕೆ ಹಿತವಾಗುತ್ತದೆ. ಆಟದಲ್ಲಿ ಇವು ಬಿಗಿಯಾಗಿ ಕಡಿಯುವುದುಂಟು. ಕಡಿಸಿಕೊಂಡ ಮರಿಯ ಕುಂಯ್ ಎಂಬ ಕೂಗು ಇವಕ್ಕೆ ತಲುಪುವುದಿಲ್ಲ. ಹಲ್ಲು ತಾಕಿದ ಕೂಡಲೇ ಆಟ ನಿಲ್ಲಿಸಿ ಬೆನ್ನು ತಿರುಗಿಸಿದರೆ ಅರ್ಥವಾಗುತ್ತದೆ.

ಕಾವಲಿಗೆ ಆಗುವುದಿಲ್ಲವಲ್ಲ ಎನ್ನುವವರ ಮಾತನ್ನು ಒಪ್ಪುತ್ತೇನೆ. ಕತ್ತಲಲ್ಲಿ ತೋಳದ ಹೆಜ್ಜೆ ಕೇಳಿಸಿಕೊಳ್ಳಬೇಕಾದ ಹಟ್ಟಿಗೆ ಇದು ಸರಿಯಾದ ನಾಯಿಯಲ್ಲ. ಜೊತೆಗೆ ಕೇಳುವ ನಾಯಿಯೊಂದಿದ್ದರೆ ಅದರ ಚಲನೆ ನೋಡಿ ಇದೂ ಎದ್ದೀತು, ಆದರೆ ಒಂಟಿಯಾಗಿ ಹೊಣೆ ಹೊರಿಸುವುದು ತಪ್ಪು. ರಸ್ತೆಯ ಭಯವೂ ನಿಜ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಲಾರಿಗಳೆಲ್ಲ ನರಗುಂದದ ಮೇಲೆಯೇ ಹಾಯುತ್ತವೆ, ಅವುಗಳ ಹಾರ್ನು ಈ ಮರಿಗೆ ಇಲ್ಲದಂತೆಯೇ. ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಲೇಬಾರದು, ಎಷ್ಟೇ ಚೆನ್ನಾಗಿ ಪಳಗಿದ್ದರೂ. ಊರೆಲ್ಲ ಬಿಟ್ಟು ಸಾಕುವ ನಮ್ಮ ಪದ್ಧತಿಗೆ ಇದು ಒಗ್ಗದು. ಹಾಗೆ ಸಾಕುವವರು ಕಿವುಡು ಮರಿ ತರದಿರುವುದೇ ಲೇಸು. ಕಟ್ಟಿ, ತಿರುಗಾಡಿಸಿ, ಅಂಗಳದಲ್ಲಿ ಆಡಿಸಿ ಸಾಕುವ ಮನೆಗೆ ಅದರಿಂದ ಕೊರತೆಯೇನಿಲ್ಲ.

ಮರಿ ಮಾರುವವರಿಗೆ ಒಂದು ಮಾತು. ಕೇಳದ ಮರಿಯನ್ನು ಮುಚ್ಚಿಟ್ಟು ದಾಟಿಸಬೇಡಿ. ತಿಳಿದು ಕೊಂಡವರು ಮೊದಲ ದಿನದಿಂದ ಕೈಸನ್ನೆ ಹಿಡಿಯುತ್ತಾರೆ, ತಿಳಿಯದೆ ಕೊಂಡವರು ತಿಂಗಳುಗಟ್ಟಲೆ ಕೂಗಿ, ಹೊಡೆದು, ಆಮೇಲೆ ಬೀದಿಗೆ ಬಿಡುತ್ತಾರೆ. ಹುಟ್ಟುಕಿವುಡು ವಂಶದಲ್ಲಿ ಇಳಿಯುವುದರಿಂದ ಅಂಥ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಅದನ್ನು ಹೆತ್ತ ಜೋಡಿಯನ್ನು ಮತ್ತೆ ಕೂಡಿಸಬೇಡಿ.