ಏನೂ ಆಗಲ್ಲ ಬಿಡು

ಗಾಂಪರೊಡೆಯನ ಕಥೆ ಕೇಳಿ ನಗದೆ ಬೆಳೆದವರು ನಮ್ಮಲ್ಲಿ ಕಡಿಮೆ. ಶಿಷ್ಯರೆಲ್ಲ ಹೊಳೆ ದಾಟಿ ದಡದಲ್ಲಿ ನಿಂತು ತಲೆ ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ. ಲೆಕ್ಕಕ್ಕೆ ಒಂದು ತಲೆ ಕಡಿಮೆ ಬೀಳುತ್ತದೆ, ಒಬ್ಬ ಹೊಳೆಪಾಲಾದ ಎಂದು ಎಲ್ಲರೂ ಗೊಳೋ ಎನ್ನುತ್ತಾರೆ. ಮೂರ್ಖತನದ ಬಗ್ಗೆ ನಮಗೆ ಸಿಕ್ಕ ಮೊದಲ ಪಾಠ ಇದೇ ಇರಬೇಕು. ಅದು ನಗುವ ಸಂಗತಿ, ಕೊನೆಗೆ ಯಾರೂ ಸತ್ತಿರುವುದಿಲ್ಲ. ಹೆದರುವುದಕ್ಕೆ ಶಕುನಿ ಇದ್ದಾನೆ, ದುಶ್ಶಾಸನ ಇದ್ದಾನೆ. ಸಿನಿಮಾದಲ್ಲೂ ಅಷ್ಟೆ, ಖಳನಾಯಕ ಬಂದರೆ ತಮಟೆ ಗುಡುಗುತ್ತದೆ, ಪೆದ್ದ ಬಂದರೆ ಪೀಪಿ ಊದುತ್ತದೆ. ಕೆಡುಕನನ್ನು ಕಂಡರೆ ಭಯ, ಪೆದ್ದನನ್ನು ಕಂಡರೆ ಕನಿಕರ ಎಂದು ಬಾಲ್ಯದಲ್ಲೇ ಹಂಚಿಕೊಂಡುಬಿಟ್ಟಿದ್ದೇವೆ.

ಈ ಹಂಚಿಕೆಯ ಮೇಲೆ ನನಗೆ ನಂಬಿಕೆ ಹೋಗಿದ್ದು ಒಂದು ಬೋರ್‌ವೆಲ್ ತೂತಿನಿಂದ.

ಚಿತ್ರದುರ್ಗದ ಕಡೆಯ ನಮ್ಮ ದೊಡ್ಡಪ್ಪನ ಹೊಲದ ತೂತು ಅದು. ಆ ಸೀಮೆಯಲ್ಲಿ ಬೋರು ಕೊರೆಸುವುದು ಮದುವೆ ಮಾಡಿದಷ್ಟೇ ದೊಡ್ಡ ಕೆಲಸ. ಮೊದಲು ಪಾಯಿಂಟ್ ಮಾಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಗೂಟ. ಆಮೇಲೆ ರಿಗ್ ಲಾರಿ ಬರುತ್ತದೆ, ಬಹಳ ಸಲ ತಮಿಳುನಾಡಿನ ತಿರುಚೆಂಗೋಡಿನ ಕಡೆಯದು. ಪೂಜೆ ಆಗುತ್ತದೆ, ರಾತ್ರಿಯಿಡೀ ಬೂದಿ ಬಣ್ಣದ ಕಲ್ಲುಪುಡಿ ಚಿಮ್ಮುತ್ತದೆ. ಬೆಳಗಿನ ಹೊತ್ತಿಗೆ ಫೇಲ್. ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣ, ಮುಂದಿನ ಬೋರಿಗೆ ಆಗುತ್ತದೆ ಎಂದು ಕಿತ್ತುಕೊಳ್ಳುತ್ತಾರೆ. ಲಾರಿ ಹೊರಡುತ್ತದೆ. ಆರೂವರೆ ಇಂಚಿನ ತೂತು ಉಳಿಯುತ್ತದೆ. ಕೇಸಿಂಗ್ ಇಲ್ಲದ ಮೇಲೆ ಮಳೆಗೆ ಅಂಚಿನ ಮಣ್ಣು ಕುಸಿದು ಅದು ಇನ್ನಷ್ಟು ಅಗಲವಾಗುತ್ತದೆ.

ನಮ್ಮ ದೊಡ್ಡಪ್ಪನ ಮಗ ಆ ತೂತಿನ ಬಾಯಿಗೆ ಒಂದು ಗೋಣಿಚೀಲ ಹಾಸಿ, ಹಾರದಿರಲಿ ಅಂತ ನಾಲ್ಕು ಮೂಲೆಗೆ ನಾಲ್ಕು ಹೆಂಟೆ ಇಟ್ಟಿದ್ದ. ಅದರ ಮೇಲೆ ಮಣ್ಣು ಕೂತು ಚೀಲವೂ ನೆಲದ ಬಣ್ಣಕ್ಕೆ ತಿರುಗಿತ್ತು. ಬಾಯಿ ಬಿಟ್ಟ ತೂತಾದರೆ ಕಣ್ಣಿಗಾದರೂ ಬೀಳುತ್ತದೆ. ಆನೆ ಹಿಡಿಯುವವರು ಗುಂಡಿ ತೋಡಿ ಮೇಲೆ ಸೊಪ್ಪು ಹಾಸುತ್ತಿದ್ದರಲ್ಲ, ಇದು ಹಾಗಿತ್ತು. ಅವರು ಹಿಡಿಯಬೇಕೆಂದೇ ಹಾಸುತ್ತಿದ್ದರು, ಇವನು ಕಾಪಾಡಬೇಕೆಂದು ಹಾಸಿದ್ದ. "ಮುಚ್ಚಬಾರ್ದೇನೋ ಸರಿಯಾಗಿ?" ಎಂದೆ. "ಏನೂ ಆಗಲ್ಲ ಬಿಡಣ್ಣ" ಎಂದ. ನಾನೂ ಬಿಟ್ಟೆ.

ಇಂಥ ತೂತುಗಳಿಗೆ ಮಕ್ಕಳು ಬಿದ್ದಿವೆ. 2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಬಿದ್ದ ಐದು ವರ್ಷದ ಹುಡುಗನನ್ನು ಸೇನೆಯವರು ಎರಡು ದಿನ ಹೆಣಗಿ ಮೇಲೆತ್ತಿದಾಗ ದೇಶವೇ ಟಿವಿ ಮುಂದೆ ಕೂತಿತ್ತು. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯ ಹುಡುಗ ಉಳಿಯಲಿಲ್ಲ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಹುಡುಗಿಯೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮನೆಯವರೇ ಕೊರೆಸಿದ ಬೋರಿಗೆ ತಲೆಕೆಳಗಾಗಿ ಬಿದ್ದ ಎಳೆಯ ಮಗು ಸುಮಾರು 20 ಗಂಟೆಯ ನಂತರ ಜೀವಂತ ಬಂತು. ನಾಡೇ ನಿಟ್ಟುಸಿರು ಬಿಟ್ಟಿತು.

ಇವುಗಳಲ್ಲಿ ಖಳನನ್ನು ಹುಡುಕಿ ನೋಡಿ, ಸಿಗುವುದಿಲ್ಲ. ಯಾರಿಗೂ ಮಗು ಬೀಳಲಿ ಎಂಬ ಆಸೆ ಇರಲಿಲ್ಲ. ತೂತನ್ನು ತೆರೆದಿಟ್ಟಿದ್ದರಿಂದ ಯಾರ ಜೇಬಿಗೂ ಒಂದು ರೂಪಾಯಿ ಬರಲಿಲ್ಲ. ಒಂದು ಚಪ್ಪಡಿ ಕಲ್ಲು ಸಾಕಿತ್ತು, ಕೊರೆದಾಗ ಬಂದ ಮಣ್ಣನ್ನೇ ತಿರುಗಿ ತುಂಬಿದ್ದರೂ ಸಾಕಿತ್ತು. ಇಟಲಿಯ ಆರ್ಥಿಕ ಇತಿಹಾಸಕಾರ ಕಾರ್ಲೊ ಚಿಪೊಲ್ಲಾ 1976ರಲ್ಲಿ ಮೂರ್ಖತನದ ನಿಯಮಗಳ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದು ಗೆಳೆಯರಿಗೆ ಹಂಚಿದ್ದ. ತನಗೂ ಲಾಭವಿಲ್ಲದೆ, ಕೆಲವೊಮ್ಮೆ ತಾನೂ ಕಳೆದುಕೊಂಡು, ಇನ್ನೊಬ್ಬರಿಗೆ ನಷ್ಟ ಮಾಡುವವನೇ ಮೂರ್ಖ ಎಂಬುದು ಅವನ ವ್ಯಾಖ್ಯೆ. ಕಳ್ಳ ಕದ್ದರೆ ಒಬ್ಬರ ಗಂಟು ಇನ್ನೊಬ್ಬರ ಮನೆಗೆ ಹೋಗುತ್ತದೆ, ಊರಿನ ಒಟ್ಟು ಲೆಕ್ಕದಲ್ಲಿ ಗಂಟು ಎಲ್ಲೋ ಒಂದು ಕಡೆ ಇರುತ್ತದೆ. ಮೂರ್ಖ ಕಳೆದ ಗಂಟು ಯಾರ ಮನೆಗೂ ಹೋಗುವುದಿಲ್ಲ. ತೆರೆದ ಬೋರಿಗಿಂತ ಅಚ್ಚುಕಟ್ಟಾದ ಉದಾಹರಣೆ ಚಿಪೊಲ್ಲಾನಿಗೂ ಸಿಕ್ಕಿರಲಾರದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮೂರು ಬೋರು ಫೇಲಾಗಿ, ಕೈಸಾಲ ಬಡ್ಡಿಸಾಲ ತಲೆಮೇಲೆ ಕೂತ ರೈತನನ್ನು ಮೂರ್ಖ ಅನ್ನುವುದು ಪಟ್ಟಣದಲ್ಲಿ ಕೂತು ಬರೆಯುವವರ ಸೊಕ್ಕಲ್ಲವೇ? ಅದು ಬಡತನ ಕಣ್ರೀ, ಮೂರ್ಖತನವಲ್ಲ. ಅರ್ಧ ಒಪ್ಪುತ್ತೇನೆ. ತೂತು ಏಕೆ ಬಿತ್ತು ಎಂಬುದಕ್ಕೆ, ಪೈಪು ಏಕೆ ಕಿತ್ತರು ಎಂಬುದಕ್ಕೆ ಬಡತನ ಉತ್ತರ ಹೇಳುತ್ತದೆ. ಚೀಲದ ಬದಲು ಕಲ್ಲು ಏಕೆ ಇಡಲಿಲ್ಲ ಎಂಬುದಕ್ಕೆ ಹೇಳುವುದಿಲ್ಲ; ಆ ಹೊಲದ ಬದುವಿನಲ್ಲೇ ಕಲ್ಲುಗಳ ರಾಶಿ ಇದೆ. ಮೇಲಾಗಿ ರೈತನೊಬ್ಬನ ತಲೆಗೆ ಕಟ್ಟುವುದು ನನ್ನ ಉದ್ದೇಶವೂ ಅಲ್ಲ. ರಿಗ್ ಮಾಲೀಕ ಬಡವನಲ್ಲ. ದಿನವೂ ಆ ದಾರಿಯಲ್ಲಿ ಬೈಕಿನಲ್ಲಿ ಹೋಗುವ ಮೇಷ್ಟರು ಬಡವರಲ್ಲ. ಬಿಡು ಎಂದಾಗ ಬಿಟ್ಟುಬಿಟ್ಟ ನಾನೂ ಬಡವನಲ್ಲ.

ಬಡತನದ ವಾದವನ್ನು ಬೆಂಗಳೂರಿಗೆ ತಂದರೆ ಅದು ಬಸ್‌ಸ್ಟಾಂಡಿನಲ್ಲೇ ಇಳಿದುಬಿಡುತ್ತದೆ. ಆ ಬಸ್‌ಸ್ಟಾಂಡೇ ಧರ್ಮಾಂಬುಧಿ ಕೆರೆಯ ಅಂಗಳ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನೀರು ಇಳಿದು ಹೋಗುವ ರಾಜಕಾಲುವೆಗಳ ಮೇಲೆ ಕಟ್ಟಡಗಳು ಎದ್ದವು. ಇದರಲ್ಲಿ ದುರಾಸೆ ಇದ್ದದ್ದು ನಿಜ, ಮಾರಿದವರು ದುಡ್ಡು ಮಾಡಿಕೊಂಡರು. ಕೊಂಡವರು ಯಾರು? ಬೇರೆ ದೇಶದ ಕಂಪನಿಗಳ ಲೆಕ್ಕವನ್ನೆಲ್ಲ ಬಿಡಿಸಿಕೊಡುವ ಜಾಣರು. ಟೈಲ್ಸು ಎಲ್ಲಿಯದು, ಕ್ಲಬ್‌ಹೌಸಿನಲ್ಲಿ ಏನೇನಿದೆ ಎಂದು ಕೇಳಿದವರು ಮಳೆ ಬಂದರೆ ಈ ನೀರು ಯಾವ ಕಡೆ ಹೋಗುತ್ತದೆ ಎಂದು ಕೇಳಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಕಡೆ ಅಂಥವರು ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬರಬೇಕಾಯಿತು. ಟ್ರ್ಯಾಕ್ಟರ್ ಹೊಡೆದವನಿಗೆ ನೀರಿನ ಇಳಿಜಾರು ಗೊತ್ತಿತ್ತೋ ಏನೋ, ಅವನನ್ನು ಯಾರೂ ಕೇಳಿರಲಿಕ್ಕಿಲ್ಲ. ದುರಾಸೆಗೆ ಗಿರಾಕಿ ಬೇಕು. ಆ ಗಿರಾಕಿಯನ್ನು ಒದಗಿಸುವುದು ಮೂರ್ಖತನ.

ಕನ್ನಡ ಈ ವಿಷಯದಲ್ಲಿ ನಮಗಿಂತ ಜಾಣ ಭಾಷೆ. ದಡ್ಡ, ಪೆದ್ದ, ಬೆಪ್ಪ, ಮಂಕು, ಹೆಡ್ಡ, ಹುಂಬ ಎಂದು ಎಷ್ಟೊಂದು ಮಾತುಗಳಿವೆ, ಎಲ್ಲದರ ರುಚಿ ಬೇರೆ. ನಾವು ಮಾತ್ರ ಎಲ್ಲವನ್ನೂ ಒಂದೇ ಗೋಣಿಗೆ ತುಂಬುತ್ತೇವೆ. ದಡ್ಡ ನಿಧಾನಕ್ಕೆ ಕಲಿಯುವವನು, ಎರಡು ಸಲ ಕೇಳುತ್ತಾನೆ. ಅವನಿಂದ ಅಪಾಯ ಕಡಿಮೆ, ಕೇಳುವುದರಿಂದಲೇ ಕಡಿಮೆ. ನಾನು ಹೇಳುತ್ತಿರುವುದಕ್ಕೆ ಸರಿಯಾದ ಮಾತು ಉಡಾಫೆ. ಗೊತ್ತಿಲ್ಲದ್ದಲ್ಲ ಅದು. ಗೊತ್ತಿದ್ದದ್ದನ್ನು ಆ ಗಳಿಗೆಗೆ ಬದಿಗಿಡುವುದು, ಹಾಗೆ ಇಟ್ಟಿದ್ದಕ್ಕೆ ಒಂದಿಷ್ಟು ಧೈರ್ಯವಂತನಂತೆ ಕಾಣಿಸಿಕೊಳ್ಳುವುದು. ಎಚ್ಚರಿಸುವವನು ಪುಕ್ಕಲ, ಅಪಶಕುನ ನುಡಿಯುವವನು. "ಬಿಡ್ತು ಅನ್ನು" ಎಂದು ಅವನ ಬಾಯಿಗೇ ಬೀಗ ಬೀಳುತ್ತದೆ. ಆಗಲ್ಲ ಎನ್ನುವವನು ಗಂಡಸು.

ಪಂಚತಂತ್ರದ ಪರಂಪರೆಯಲ್ಲಿ ರಾಜ ಮತ್ತು ಕೋತಿಯ ಕಥೆ ಇದೆ. ಮಲಗಿದ ರಾಜನಿಗೆ ಗಾಳಿ ಬೀಸುತ್ತಿದ್ದ ಕೋತಿ, ಅವನ ಮೇಲೆ ಕೂತ ನೊಣವನ್ನು ಕತ್ತಿಯಿಂದ ಹೊಡೆಯಲು ಹೋಗಿ ರಾಜನನ್ನೇ ಕೊಂದಿತು. ಮೂರ್ಖ ಗೆಳೆಯನಿಗಿಂತ ಜಾಣ ಶತ್ರು ಮೇಲು ಎಂದು ಅದರಿಂದ ನೀತಿ ತೆಗೆಯುತ್ತಾರೆ. ನೀತಿ ಸರಿ, ಆದರೆ ಪೂರ್ತಿ ಭಾರ ಕೋತಿಯ ಮೇಲೆ ಬಿತ್ತು. ಕೋತಿಯನ್ನು ಕಾವಲಿಗಿಟ್ಟು, ಕತ್ತಿಯನ್ನು ಅದರ ಕೈಗೆಟಕುವಂತೆ ಬಿಟ್ಟು ಗೊರಕೆ ಹೊಡೆದ ರಾಜನ ಬಗ್ಗೆ ಯಾವ ಮೇಷ್ಟ್ರೂ ನಮಗೆ ಪ್ರಶ್ನೆ ಕೇಳಲಿಲ್ಲ. ಮಲಗುವ ಮುಂಚೆ ಯಾರಾದರೂ ಕೇಳಿದ್ದರೆ ಅವನೂ ಏನೂ ಆಗಲ್ಲ ಎಂದೇ ಅನ್ನುತ್ತಿದ್ದ.

ಕೆಡುಕನಿಗೆ ತಡೆ ಹಾಕಬಹುದು, ಅವನು ಲೆಕ್ಕ ಹಾಕುತ್ತಾನೆ. ಸಿಕ್ಕಿಬಿದ್ದರೆ ಏನು, ದಂಡ ಎಷ್ಟು, ಜೈಲು ಎಷ್ಟು ವರ್ಷ ಎಂದು ತೂಗಿ ನೋಡುತ್ತಾನೆ. ತಕ್ಕಡಿಯ ಒಂದು ಕಡೆಗೆ ಭಾರ ಏರಿಸಿದರೆ ಹಿಂದೆ ಸರಿಯುತ್ತಾನೆ. ಉಡಾಫೆಯವನ ಹತ್ತಿರ ತಕ್ಕಡಿಯೇ ಇಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಹಳೆಯ ದಂಡಸಂಹಿತೆಯ 304ಎ ಕಲಮಿನಲ್ಲಿ ಹೆಚ್ಚೆಂದರೆ ಎರಡು ವರ್ಷ ಇತ್ತು, 2024ರ ಜುಲೈನಿಂದ ಜಾರಿಯಾದ ನ್ಯಾಯಸಂಹಿತೆಯಲ್ಲಿ ಐದರವರೆಗೆ ಏರಿದೆ. ಇಪ್ಪತ್ತಕ್ಕೆ ಏರಿಸಿದರೂ ಗೋಣಿಚೀಲ ಹಾಸುವವನ ಕೈ ನಡುಗುವುದಿಲ್ಲ. ಆಗುವುದೇ ಇಲ್ಲ ಎಂದುಕೊಂಡದ್ದಕ್ಕೆ ಶಿಕ್ಷೆ ಎಷ್ಟಾದರೇನು?

ತೂತು ಮುಚ್ಚುವುದು ಹೇಗೆ ಎಂಬ ಬಗ್ಗೆ ಈ ದೇಶದಲ್ಲಿ ಅಜ್ಞಾನವೂ ಇಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ವಿವರವಾಗಿ ಹೇಳಿದೆ. ಕೊರೆಯುವ 15 ದಿನ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ತಂತಿಬೇಲಿ ಹಾಕಬೇಕು, ಕೇಸಿಂಗ್ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು, ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಜೇಡಿಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು. ಸೂಳಿಕೇರಿ, ಝುಂಜರವಾಡ, ಲಚ್ಯಾಣ ಎಲ್ಲವೂ ಇದಾದ ಮೇಲಿನವು.

ನನಗೆ ಹೆಚ್ಚು ಕಿರಿಕಿರಿಯಾಗುವುದು ಆಮೇಲಿನ ಸಂಭ್ರಮ. ಮಗು ಬಿದ್ದ ಗಳಿಗೆಯಿಂದ ನಮ್ಮಷ್ಟು ಜಾಣರು, ನಮ್ಮಷ್ಟು ಒಗ್ಗಟ್ಟಿನವರು ಭೂಮಿಯ ಮೇಲೆ ಇಲ್ಲ. ಜೆಸಿಬಿ, ಹಿಟಾಚಿ ಬರುತ್ತವೆ, ಆಕ್ಸಿಜನ್ ಪೈಪು ಇಳಿಯುತ್ತದೆ, ಕ್ಯಾಮೆರಾ ಇಳಿಯುತ್ತದೆ, ಪಕ್ಕದಲ್ಲಿ ಗುಂಡಿ ತೋಡಿ ಅಡ್ಡಕ್ಕೆ ಸುರಂಗ ಕೊರೆಯುತ್ತಾರೆ, ಊರ ಹೆಂಗಸರು ರಾತ್ರಿಯೆಲ್ಲ ಅಡುಗೆ ಮಾಡಿ ಬಡಿಸುತ್ತಾರೆ. ಇದನ್ನು ಹಗುರ ಮಾಡುತ್ತಿಲ್ಲ, ಆ ಸಿಬ್ಬಂದಿಯ ಬೆವರಿಗೆ ಕೈಮುಗಿಯುತ್ತೇನೆ. ಆದರೆ ಮಗು ಉಳಿದರೆ "ಸಾವು ಗೆದ್ದ ಕಂದ", ಉಳಿಯದಿದ್ದರೆ "ವಿಧಿಯಾಟ". ಎರಡೂ ಶೀರ್ಷಿಕೆಗಳಲ್ಲಿ ಸಾವು ಇದೆ, ವಿಧಿ ಇದೆ, ಗೋಣಿಚೀಲ ಇಲ್ಲ. ವಿಧಿ ಎಂಬುದು ನಮ್ಮ ಉಡಾಫೆಗೆ ನಾವಿಟ್ಟ ಗೌರವದ ಹೆಸರು. ಇನ್ನು ತೂತಿಗೆ ಕಲ್ಲು ಮುಚ್ಚಿ, ಅದರಿಂದಾಗಿ ಯಾವ ಮಗುವೂ ಬೀಳದೆ ಹೋದ ಹೊಲದ ಮುಂದೆ ಯಾವ ವಾಹಿನಿಯ ವ್ಯಾನೂ ನಿಲ್ಲುವುದಿಲ್ಲ. ಅಲ್ಲಿ ತೋರಿಸುವುದಕ್ಕೆ ಏನಿದೆ, ಒಂದು ಕಲ್ಲು.

ಚಿಪೊಲ್ಲಾನ ಜೊತೆ ನನ್ನ ಜಗಳ ಇರುವುದೂ ಇಲ್ಲೇ. ಮೂರ್ಖರು ನಾವೆಣಿಸಿದ್ದಕ್ಕಿಂತ ಯಾವಾಗಲೂ ಹೆಚ್ಚು ಎಂದ, ಸರಿ. ಓದಿದವರಲ್ಲೂ ಓದದವರಲ್ಲೂ ಅವರ ಪಾಲು ಒಂದೇ ಎಂದ, ಅದೂ ಸರಿ. ಆದರೆ ಅವರು ಹುಟ್ಟಿನಿಂದಲೇ ಒಂದು ಬೇರೆ ಜಾತಿ ಎಂಬಂತೆ ಬರೆದ. ಹಾಗೆಂದ ಕೂಡಲೇ ಓದುಗನಿಗೆ ಹಾಯೆನಿಸುತ್ತದೆ, ತಾನು ಈ ಕಡೆಯವನು ಎಂದು. ನಾತ್ಸಿಗಳು ಗಲ್ಲಿಗೇರಿಸಿದ ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ ಇದನ್ನು ಇನ್ನೂ ಆಳಕ್ಕೆ ನೋಡಿದ್ದ. 1942ರ ಕೊನೆಯಲ್ಲಿ ಗೆಳೆಯರಿಗೆ ಬರೆದ ಒಂದು ಬರಹದಲ್ಲಿ, ಕೆಡುಕಿಗಿಂತ ಮೂರ್ಖತನ ಒಳಿತಿಗೆ ಹೆಚ್ಚು ಅಪಾಯಕಾರಿ ಎಂದ; ಅದು ಹುಟ್ಟಿನ ಕೊರತೆ ಎನ್ನುವುದಕ್ಕಿಂತ ಜನ ಗುಂಪಾದಾಗ, ಅಧಿಕಾರದ ಹತ್ತಿರ ಬಂದಾಗ ತಲೆಗೇರುವ ಸ್ಥಿತಿ ಎಂದ. ಒಬ್ಬೊಬ್ಬರಾಗಿ ಕೇಳಿದರೆ ತೂತು ತೆರೆದಿಡಬಾರದು ಎಂದು ನಮ್ಮೂರಿನ ಎಲ್ಲರೂ ಹೇಳುತ್ತಾರೆ. ಊರಿಗೆ ಊರೇ ಸೇರಿ ತೆರೆದಿಟ್ಟಿದೆ. ಎಣಿಸಲು ನಿಂತ ಗಾಂಪ ಬಿಟ್ಟುಬಿಡುವುದು ಒಂದೇ ತಲೆಯನ್ನು.

ಈ ಬರಹ ಅರ್ಧಕ್ಕೆ ಬಂದಾಗ, ಹೇಳುವವನು ಮೊದಲು ಮಾಡಬೇಕಲ್ಲ ಎಂದು ನಾಚಿಕೆಯಾಗಿ ಊರಿಗೆ ಹೋದೆ. ಬಸ್ಸಿನಲ್ಲಿ ಕೂತೇ ದೊಡ್ಡಪ್ಪನ ಮಗನಿಗೆ ಫೋನು ಮಾಡಿ ಎರಡು ಚಪ್ಪಡಿ ಕಲ್ಲು ನೋಡಿಟ್ಟಿರು ಎಂದಿದ್ದೆ. ಪಾಪ, ನೋಡಿಟ್ಟಿದ್ದ. ಕಲ್ಲು ಹೊತ್ತುಕೊಂಡು ಹೋದೆವು. ಆ ಹೊಲಕ್ಕೆ ಈ ಸಲ ಮೆಕ್ಕೆಜೋಳ ಹಾಕಿದ್ದರು. ಎದೆಮಟ್ಟ ಬೆಳೆದಿತ್ತು, ಸಾಲುಗಳ ನಡುವೆ ಕಳೆಯೂ ತುಂಬಿತ್ತು. ಚೀಲ ಕಾಣಲಿಲ್ಲ, ಹೆಂಟೆ ಕಾಣಲಿಲ್ಲ. ಒಂದೊಂದೇ ಹೆಜ್ಜೆಯನ್ನು ಕೋಲಿನಿಂದ ಕುಟ್ಟಿ ನೋಡಿ ಇಡುತ್ತಾ ಅರ್ಧ ಗಂಟೆ ಹುಡುಕಿದೆ.

"ಎಲ್ಲೋ ಅದು?" ಎಂದೆ.

ಅವನು ಬದುವಿನ ಮೇಲೆ ಕಲ್ಲು ಇಳಿಸಿ, ಬೆವರು ಒರೆಸಿಕೊಂಡು, ಹೊಲದ ಕಡೆ ಕೈ ತೋರಿಸಿದ. "ಅಲ್ಲೇ ಎಲ್ಲೋ ಐತೆ ಕಣಣ್ಣ."