ಬೋರ್ಡು ಸರಿ, ಸೂಜಿ?

2024ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಖಾಸಗಿ ಕ್ಲಿನಿಕ್ಕುಗಳ ಬೋರ್ಡಿಗೆ ಬಣ್ಣ ಗೊತ್ತುಮಾಡಿತು. ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು; ಮೇಲೆ ಕೆಪಿಎಂಇ ನೋಂದಣಿ ಸಂಖ್ಯೆ ಎದ್ದು ಕಾಣಬೇಕು. ಯಾವ ಪದವಿಯೂ ಇಲ್ಲದವರು ಗ್ಲೂಕೋಸ್ ಬಾಟಲಿ ನೇತುಹಾಕಿಕೊಂಡು ಕೂತಿರುವುದು ಬೆಂಗಳೂರಿನ ಹೊರವಲಯಕ್ಕೆ ಹೊಸ ಸುದ್ದಿಯಲ್ಲ, ಹಾಗಾಗಿ ಕ್ರಮ ಒಳ್ಳೆಯದೇ. ಆದರೆ ಬೋರ್ಡು ನೋಡಿ ನಂಬಿ ಒಳಗೆ ಹೋದ ರೋಗಿಗೆ ಅಲ್ಲಿ ಎಂಥ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ನಮ್ಮ ತಪಾಸಣೆ ಎಷ್ಟು ನೋಡುತ್ತದೆ? ನನ್ನ ತಕರಾರಿರುವುದು ಅಲ್ಲಿ.

1976ರ ನರ್ಸಿಂಗ್ ಹೋಂ ಕಾಯ್ದೆಯ ಜಾಗಕ್ಕೆ 2007ರಲ್ಲಿ ಬಂದದ್ದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಬೋರ್ಡಿನ ಮೇಲಿನ ಆ ಕೆಪಿಎಂಇ. ನೂರಾರು ಹಾಸಿಗೆಯ ಆಸ್ಪತ್ರೆಗೂ, ಜಾಲಹಳ್ಳಿಯಲ್ಲಿ ಬೇಕರಿ ಪಕ್ಕದ ಒಂದೇ ಕೋಣೆಯ ಕ್ಲಿನಿಕ್ಕಿಗೂ ಇದೇ ಕಾಯ್ದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ ಕೊಡುತ್ತದೆ, 5 ವರ್ಷಕ್ಕೊಮ್ಮೆ ನವೀಕರಣ. ವೈದ್ಯರ ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ, ತ್ಯಾಜ್ಯ ಒಯ್ಯುವವರೊಂದಿಗಿನ ಒಪ್ಪಂದ, ಗೋಡೆಯ ಮೇಲಿನ ದರಪಟ್ಟಿ ಎಲ್ಲವೂ ಬೇಕಾದವೇ. ಆದರೆ ಇವೆಲ್ಲ ಕಡತದಲ್ಲಿ ಹಿಡಿಸುವ ಸಂಗತಿಗಳು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಡತಕ್ಕೂ ಕೆಲಸಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಆಫೀಸಿನ ಗೋಡೆಯಲ್ಲಿ ಐಎಸ್‌ಒ ಸರ್ಟಿಫಿಕೇಟು ತೂಗುತ್ತಿದ್ದರೂ, ಲೇತಿನಿಂದ ಇಳಿದ ಪೀಸಿಗೆ ಗೇಜು ಹಾಕದೆ ಯಾರೂ ಪಾಸು ಮಾಡುವುದಿಲ್ಲ. ಕ್ಲಿನಿಕ್ಕಿನಲ್ಲಿ ನಾವು ಸರ್ಟಿಫಿಕೇಟನ್ನಷ್ಟೇ ಓದಿ ಎದ್ದು ಬರುತ್ತಿದ್ದೇವೆ.

ಸಮಯದ ವಿಷಯವನ್ನೇ ನೋಡಿ. ಇಲ್ಲಿನ ಸಣ್ಣ ಕ್ಲಿನಿಕ್ಕುಗಳ ಬದುಕು ಸಂಜೆಯದು. ಫಸ್ಟ್ ಶಿಫ್ಟು ಬಿಟ್ಟು, ಮನೆಗೆ ಹೋಗಿ, ಮಗುವನ್ನು ಎತ್ತಿಕೊಂಡು ಜನ ಬರುವ ಹೊತ್ತಿಗೆ ದೀಪ ಹತ್ತಿರುತ್ತದೆ. ಸರ್ಕಾರಿ ತಪಾಸಣೆಗೆ ಕಚೇರಿ ವೇಳೆ. ಮಧ್ಯಾಹ್ನ ಮೂರಕ್ಕೆ ಖಾಲಿ ಕ್ಲಿನಿಕ್ಕು ಎಲ್ಲ ಕಡೆಯೂ ಚೊಕ್ಕಟವಾಗಿಯೇ ಇರುತ್ತದೆ. ಬಾಗಿಲ ತನಕ ಜನ ನಿಂತಿರುವಾಗ ಒಬ್ಬರೇ ಡಾಕ್ಟರು ಎರಡು ರೋಗಿಗಳ ನಡುವೆ ಕೈ ತೊಳೆಯುತ್ತಾರೋ ಇಲ್ಲವೋ ಎಂಬುದು ಆಗ ಗೊತ್ತಾಗುವುದು ಹೇಗೆ?

ಕೈ ತೊಳೆಯುವುದಕ್ಕಿಂತ ದೊಡ್ಡ ಮಾತು ಇಂಜೆಕ್ಷನ್ನಿನದು. “ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ, ನಾಳೆ ಡ್ಯೂಟಿಗೆ ಹೋಗ್ಬೇಕು” ಎನ್ನುವವರು ಈ ಭಾಗದಲ್ಲಿ ಬೇಕಾದಷ್ಟು. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಮಾತ್ರೆ ಕೊಟ್ಟರೆ ರೋಗಿ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾನೆ. ಹೀಗೆ ಬೇಡದ ಸೂಜಿಯೊಂದು ಬಿದ್ದ ಮೇಲೆ ಕೇಳಬೇಕಾದ ಪ್ರಶ್ನೆಗಳು ಹಲವು. ಹಲವು ಡೋಸಿನ ವಯಲ್ ತೆರೆದ ದಿನಾಂಕ ಅದರ ಮೇಲಿದೆಯೇ? ಸಿರಿಂಜಿನ ಪ್ಯಾಕು ರೋಗಿಯ ಕಣ್ಣೆದುರೇ ಒಡೆದದ್ದೇ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಚುಚ್ಚಿಹೋಗದ ಬಿಳಿ ಡಬ್ಬಕ್ಕೆ, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ. ಒಪ್ಪಂದದ ಪತ್ರ ಫೈಲಿನಲ್ಲಿದ್ದು, ಮೇಜಿನ ಕೆಳಗೆ ಎಲ್ಲಕ್ಕೂ ಒಂದೇ ಬುಟ್ಟಿ ಇದ್ದರೆ ಮರುದಿನ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಆ ಸೂಜಿ ಚುಚ್ಚುತ್ತದೆ. ತಪಾಸಣೆಗೆ ಬಂದವರು ಮೊದಲು ಬಗ್ಗಿ ನೋಡಬೇಕಾದ್ದು ಆ ಬುಟ್ಟಿಯನ್ನು.

ಕಡತ ನೋಡಿ ಮುಗಿಸುವ ತಪಾಸಣೆಗಿಂತ ಒಳ್ಳೆಯ ವಿಧಾನ ನಮ್ಮಲ್ಲೇ ಇದೆ. ಸರ್ಕಾರಿ ಆರೋಗ್ಯ ಕೇಂದ್ರಗಳನ್ನು ಅಳೆಯುವ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡದಲ್ಲಿ ಪ್ರತಿ ಅಂಶವನ್ನೂ ಹೇಗೆ ಪರೀಕ್ಷಿಸಬೇಕೆಂದು ಸೂಚಿಸಿರುತ್ತಾರೆ: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ತೆಗೆಸುವುದು, ರೋಗಿಯನ್ನೇ ಮಾತಾಡಿಸುವುದು. ಅಂಕ ಕೊಟ್ಟು ಮುಗಿಸುತ್ತಾರೆ. ಸರ್ಕಾರ ತನ್ನ ಮನೆಗೆ ಹಾಕಿಕೊಂಡ ಈ ಅಳತೆಯನ್ನು, ಬಹುಪಾಲು ಜನ ಜ್ವರ ಬಂದಾಗ ಓಡುವ ಖಾಸಗಿ ಕೋಣೆಗೆ ಹಿಡಿಯಲು ಹಿಂಜರಿಯುವುದು ವಿಚಿತ್ರ. ಖಾಸಗಿಯವರಿಗೆ ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಇದೆ, ನಿಜ. ಅದು ಇಷ್ಟಪಟ್ಟವರಿಗೆ, ಖರ್ಚು ತಡೆದುಕೊಳ್ಳುವವರಿಗೆ.

ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಊರ ಡಾಕ್ಟರರ ಕ್ಲಿನಿಕ್ಕುಗಳನ್ನೂ ಪರೀಕ್ಷಿಸಿ ‘ಅತ್ಯುತ್ತಮ’ದಿಂದ ‘ಅಸಮರ್ಪಕ’ದವರೆಗೆ ನಾಲ್ಕು ದರ್ಜೆ ಕೊಡುತ್ತದೆ. 2015ರಿಂದ ಆ ದರ್ಜೆಯನ್ನು ಜನರಿಗೆ ಕಾಣುವಂತೆ ತೂಗುಹಾಕುವುದು ಕಡ್ಡಾಯ. ಅದನ್ನು ಹೊಗಳಿ ಕೂರುವಂತಿಲ್ಲ. ತಪಾಸಣೆಗಳು ಹಳತಾಗಿವೆ, ತಪಾಸಕರಿಗೇ ಅನುಭವ ಸಾಲದು ಎಂದು 2024ರ ಪೆನ್ನಿ ಡ್ಯಾಶ್ ವರದಿ ಆ ಸಂಸ್ಥೆಯನ್ನೇ ತರಾಟೆಗೆ ತೆಗೆದುಕೊಂಡಿತು. ಆದರೂ ಅಲ್ಲಿ ಬೈಯುವುದಕ್ಕಾದರೂ ಒಂದು ಬಹಿರಂಗ ಫಲಿತಾಂಶವಿದೆ. ನಮ್ಮ ಬೋರ್ಡಿನ ಸಂಖ್ಯೆ ಡಾಕ್ಟರು ಅಧಿಕೃತರು ಎಂದಷ್ಟೇ ಹೇಳುತ್ತದೆ.

2017ರ ನವೆಂಬರಿನಲ್ಲಿ ನಮ್ಮ ಕೆಪಿಎಂಇ ಕಾಯ್ದೆಯ ತಿದ್ದುಪಡಿಯ ವಿಷಯಕ್ಕೆ ರಾಜ್ಯವೇ ಅಲುಗಾಡಿತ್ತು. ಖಾಸಗಿ ವೈದ್ಯರು ಹೊರರೋಗಿ ವಿಭಾಗ ಮುಚ್ಚಿ ಪ್ರತಿಭಟನೆಗೆ ಬೆಳಗಾವಿಗೆ ಹೋದರು. ಆಗಿನ ಸಚಿವ ರಮೇಶ್ ಕುಮಾರ್ ಅವರ ಮಸೂದೆ ಮೆದುವಾಗಿ ಪಾಸಾಯಿತು. ಜಗಳವೆಲ್ಲ ಚಿಕಿತ್ಸೆಯ ದರ ಮತ್ತು ವೈದ್ಯರಿಗೆ ಜೈಲು ಶಿಕ್ಷೆಯ ಸುತ್ತ. ಸೂಜಿ, ವಯಲ್, ಬುಟ್ಟಿಯ ಮಾತು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ವೈದ್ಯರ ಸಿಟ್ಟಿಗೂ ಅರ್ಥವಿತ್ತು ಅನ್ನಿ: ಕಾಂಪೌಂಡರನೊಬ್ಬನನ್ನು ಇಟ್ಟುಕೊಂಡು ಕ್ಲಿನಿಕ್ ನಡೆಸುವವರಿಗೆ ಇಲಾಖೆಗೊಂದು ಅರ್ಜಿ ತುಂಬುವುದೇ ದೊಡ್ಡ ಕೆಲಸ. ಅವರಿಗೆ ಇನ್ನೊಂದು ಫಾರಂ ಬೇಡ. ಬೇಕಾದ್ದು ನವೀಕರಣಕ್ಕೆ ಮುಂಚೆ ಯಾವುದಾದರೂ ಒಂದು ಸಂಜೆ ಏಳಕ್ಕೆ ಹೇಳದೆ ಬರುವ, ವೈದ್ಯಕೀಯ ಗೊತ್ತಿರುವ ಒಬ್ಬ ತಪಾಸಕ. ಹೊರಗೆ ಕೂತ ನಾಲ್ಕು ಜನರನ್ನು ಅವರು ಮಾತಾಡಿಸಲಿ, ಕಂಡದ್ದನ್ನು ತಾರೀಖು ಸಮೇತ ಅದೇ ನೀಲಿ ಬೋರ್ಡಿನ ಕೆಳಗೆ ಕನ್ನಡದಲ್ಲಿ ಬರೆಸಲಿ.